ಯಾರ ಪಾಲಿನ ಅಪಾಯ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಕಳೆ ಕೀಳಲು ಆಳು ಸಿಗುವುದು ಕಷ್ಟ. ಆದ್ದರಿಂದ ತೋಟದವನು ಔಷಧಿಯ ಮೊರೆ ಹೋದರೆ ಅವನನ್ನು ಜರೆಯಲು ನನಗೆ ಮನಸ್ಸಿಲ್ಲ. ಆದರೆ ಆ ಔಷಧಿ ಗ್ಲೈಫೋಸೇಟ್ ಆದಾಗ ಒಂದು ಪ್ರಶ್ನೆ ಏಳುತ್ತದೆ: ಇದರಿಂದ ಕ್ಯಾನ್ಸರ್ ಬರುತ್ತದೆಯೆ?

ಪಂಡಿತರು ಎರಡು ಉತ್ತರ ಕೊಟ್ಟಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರ ಮಾರ್ಚಿಯಲ್ಲಿ ಇದನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ 2ಎ ವರ್ಗಕ್ಕೆ ಸೇರಿಸಿತು. ಪ್ರಾಣಿಗಳಲ್ಲಿ ಸಾಕಷ್ಟು ಸಾಕ್ಷ್ಯವಿದೆ, ಮನುಷ್ಯರಲ್ಲಿ ಪರಿಮಿತ ಎಂದಿತು. ಮರುವರ್ಷ ಮೇ ತಿಂಗಳಲ್ಲಿ ಅದೇ ಆರೋಗ್ಯ ಸಂಸ್ಥೆಯೂ ಆಹಾರ ಮತ್ತು ಕೃಷಿ ಸಂಸ್ಥೆಯೂ ಕೂಡಿ ಸೇರಿಸಿದ ತಜ್ಞರ ಸಭೆ, ಆಹಾರದ ಮೂಲಕ ಕ್ಯಾನ್ಸರ್ ತಗುಲುವ ಸಂಭವವಿಲ್ಲವೆಂಬಷ್ಟು ಕಡಮೆ ಎಂದು ತೀರ್ಮಾನಿಸಿತು.

ಒಂದೇ ಮನೆಯಲ್ಲಿ ಎರಡು ಮಾತೆ ಎಂದು ನಗುವವರುಂಟು. ಆದರೆ ಎರಡೂ ನಿಜವಾಗಿರಬಹುದು. ಮೊದಲನೆಯವರು ಕೇಳಿದ್ದು, ಈ ವಸ್ತುವಿಗೆ ಅಂಥ ಗುಣವುಂಟೆ ಎಂದು. ಎರಡನೆಯವರು ಕೇಳಿದ್ದು, ಉಣ್ಣುವವನಿಗೆ ಎಷ್ಟು ಭಯ ಎಂದು. ಹಾವಿಗೆ ವಿಷವಿದೆಯೆಂಬುದು ಒಂದು ಮಾತು. ಅದು ಯಾರ ಕಾಲ ಬಳಿ ಇದೆಯೆಂಬುದು ಇನ್ನೊಂದು.

ಉಣ್ಣುವವರು ನಾವು. ಅಟ್ಟದ ಮೇಲೆ ಹಲವು ತಿಂಗಳು ಒಣಗಿ, ತಿಪಟೂರಿನ ಹರಾಜು ಕಟ್ಟೆ ದಾಟಿ ಬಂದ ಉಂಡೆ ಕೊಬ್ಬರಿ ನಮ್ಮ ಕೈ ಸೇರುವ ಹೊತ್ತಿಗೆ ತೋಟ ಬಹಳ ದೂರ. ಟ್ಯಾಂಕನ್ನು ಬೆನ್ನಿಗೇರಿಸಿ ಸಿಂಪಡಿಸುವ ಕೂಲಿಯವನಿಗೆ ಅದು ದೂರವಲ್ಲ. ಸೋರಿದ್ದೂ ಗಾಳಿಗೆ ಹಾರಿದ್ದೂ ಅವನ ಮೈಮೇಲೆಯೇ. ನಮ್ಮ ಊಟದ ಲೆಕ್ಕವನ್ನು ತೋರಿಸಿ ಅವನಿಗೆ ಧೈರ್ಯ ಹೇಳುವುದು ನ್ಯಾಯವಲ್ಲ.

ಅವನು ಒಪ್ಪಿಯೇ ಬಂದಿದ್ದಾನಲ್ಲ ಎನ್ನಬಹುದು. ತಿಳಿಸದೆ ಪಡೆದ ಒಪ್ಪಿಗೆ ಒಪ್ಪಿಗೆಯೆ? ಇಲ್ಲಿ ಈ ಔಷಧಿಗೆ ಅನುಮತಿ ಇದ್ದದ್ದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಕ್ಕೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ, ಪರವಾನಗಿ ಪಡೆದ ಕೀಟ ನಿಯಂತ್ರಣದವರಲ್ಲದೆ ಬೇರೆ ಯಾರೂ ಬಳಸಕೂಡದೆಂದು ಆಜ್ಞೆ ಹೊರಡಿಸಿತು. ಇದನ್ನು ಅವನಿಗೆ ಎಷ್ಟು ಮಂದಿ ಹೇಳಿದ್ದೇವೆ?

ನ್ಯಾಯಾಲಯದಲ್ಲಿ ಸಂಶಯದ ಲಾಭ ಆರೋಪಿಗೆ ಸಲ್ಲುತ್ತದೆ. ಆರೋಪಿ ಮನುಷ್ಯನಾದ್ದರಿಂದ ಅದು ಸರಿ. ರಾಸಾಯನಿಕಕ್ಕೆ ಆ ಹಕ್ಕಿಲ್ಲ. ಇಲ್ಲಿ ಸಂಶಯದ ಲಾಭ ಸಲ್ಲಬೇಕಾದ್ದು ಬೆನ್ನು ನೆನೆಸಿಕೊಂಡವನಿಗೆ. ಮಳೆ ಬಿದ್ದೊಡನೆ ಸಾಲುಗಳ ನಡುವೆ ಹುರುಳಿಯನ್ನೊ ಅಲಸಂದೆಯನ್ನೊ ಚೆಲ್ಲಿದರೆ ಕಳೆ ಬಹುಮಟ್ಟಿಗೆ ಅಡಗುತ್ತದೆ. ಉಳಿದದ್ದನ್ನು ಕೊಯ್ದು ಹಾಕಬಹುದು. ಖರ್ಚು ಕೊಂಚ ಹೆಚ್ಚಾದೀತು. ಪಂಡಿತರು ಒಮ್ಮತಕ್ಕೆ ಬರುವವರೆಗೆ ಕಾಯುವುದಕ್ಕೂ ಬೆಲೆಯಿದೆ; ಅದನ್ನು ಕೂಲಿಯವನೊಬ್ಬನೇ ತೆರಬಾರದು.