ಜೋಳವಾಳಿಯೂ ಹುಟ್ಟೂ

ಪರದೇಶದಿಂದ ಬಂದು ನೆಲಸಿದವನ ಕೈಗೆ ಬಂದೂಕನ್ನು ಕೊಡಬಹುದೇ? ಕೊಡುವುದಾದರೆ ಅವನನ್ನು ಎಷ್ಟು ಶೋಧಿಸಬೇಕು, ಎಷ್ಟು ಕಾಲ ಶೋಧಿಸಬೇಕು? ಈ ಪ್ರಶ್ನೆ ಇಂದು ಹಲವು ರಾಷ್ಟ್ರಗಳನ್ನು ಕಾಡುತ್ತಿದೆ. ತನಗೆ ಬೇಕಾದ ಭಾಷೆಗಳನ್ನು ಬಲ್ಲ, ವೈದ್ಯವಿದ್ಯೆಯನ್ನು ಕಲಿತ ಪರದೇಶೀಯರನ್ನು ಸೈನ್ಯಕ್ಕೆ ಸೇರಿಸಿಕೊಂಡು ಪ್ರತಿಯಾಗಿ ಪೌರತ್ವ ಕೊಡುವ ಯೋಜನೆಯೊಂದನ್ನು ಅಮೆರಿಕ 2008ರಲ್ಲಿ ಹೊರಡಿಸಿತು. 2016ರಲ್ಲಿ ಶೋಧನೆಯ ನಿಯಮಗಳು ಬಿಗಿಯಾದವು, ಯೋಜನೆ ನಿಂತಿತು. ಆಗಲೇ ಕರಾರಿಗೆ ರುಜು ಹಾಕಿದ್ದ ಅನೇಕರು ಇತ್ತ ಸಿಪಾಯಿಗಳೂ ಆಗದೆ ಅತ್ತ ಪೌರರೂ ಆಗದೆ ವರ್ಷಗಟ್ಟಲೆ ಕಾದರು. ಇದು ಕಡಲಾಚೆಯ ಮಾತೆಂದು ಯಾದಗಿರಿ, ಶಹಾಪುರ, ಸುರಪುರದ ಸೀಮೆಯವರಾದ ನಾವು ತಿಳಿಯಬೇಕಾಗಿಲ್ಲ. ನಮ್ಮ ನೆಲ ಈ ಪ್ರಶ್ನೆಯೊಡನೆ ಬಹುಕಾಲ ಬಾಳಿದೆ.

ಹಳಗನ್ನಡದಲ್ಲಿ ಜೋಳವಾಳಿ ಎಂಬ ಮಾತಿದೆ. ಒಡೆಯನಿಟ್ಟ ಜೋಳವನ್ನುಂಡವನು ಆ ಋಣವನ್ನು ರಣದಲ್ಲಿ ತೀರಿಸಬೇಕೆಂಬುದು ಅದರ ಹುರುಳು. ಜೋಳವನ್ನೇ ಉಂಡು ಬೆಳೆದ ನಮ್ಮ ಸೀಮೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ನೀತಿ ಯೋಧನನ್ನು 'ನೀನು ಯಾರ ಮಗ?' ಎಂದು ಕೇಳುವುದಿಲ್ಲ. 'ಯಾರ ಅನ್ನ ಉಂಡೆ?' ಎಂದು ಕೇಳುತ್ತದೆ. ಮಹಾಭಾರತದ ಕರ್ಣನ ಮುಂದೆ ಈ ಎರಡು ಪ್ರಶ್ನೆಗಳೂ ನಿಂತವು. ರಂಗದಲ್ಲಿ ಕೃಪನು ಅವನ ಕುಲವನ್ನು ಕೇಳಿದ; ದುರ್ಯೋಧನನು ಅಂಗರಾಜ್ಯವನ್ನು ಕೊಟ್ಟ. ಮುಂದೆ ಹುಟ್ಟು ತಿಳಿದ ಮೇಲೂ ಕರ್ಣ ಅನ್ನವಿಟ್ಟವನನ್ನು ಬಿಡಲಿಲ್ಲ. ಹುಟ್ಟನ್ನೇ ಅಳತೆಗೋಲಾಗಿ ಹಿಡಿದ ಅಧಿಕಾರಿ ಅವನನ್ನು ಬಾಗಿಲಲ್ಲೇ ಹಿಂದಿರುಗಿಸುತ್ತಿದ್ದ. ದುರ್ಯೋಧನ ತನ್ನ ಅತ್ಯಂತ ನಂಬುಗೆಯ ಗೆಳೆಯನನ್ನು ಕಳೆದುಕೊಳ್ಳುತ್ತಿದ್ದ. ಆದರೆ ಕಥೆಯ ಇನ್ನೊಂದು ಮುಖವನ್ನು ಮರೆಮಾಚಬಾರದು. ಕರ್ಣ ಕುಂತಿಗೆ ಮಾತು ಕೊಟ್ಟ; ಅರ್ಜುನನನ್ನುಳಿದು ನಾಲ್ವರು ತಮ್ಮಂದಿರ ಪ್ರಾಣವನ್ನು ಉಳಿಸಿದ. ಹುಟ್ಟಿನ ಎಳೆತ ಸುಳ್ಳಲ್ಲ. ಶೋಧಿಸುವವನ ಭಯವೂ ಬರಿಯ ಭ್ರಮೆಯಲ್ಲ. ಇದನ್ನು ಒಪ್ಪಿಕೊಂಡೇ ಮುಂದಿನ ವಿಚಾರವನ್ನು ಮಾಡಬೇಕು.

ನಿಜಾಮರ ರಾಜ್ಯದಲ್ಲಿ ಹದ್ರಮೌತ್ ಕಡೆಯ ಅರಬ್ಬರು, ಉತ್ತರದ ರೋಹಿಲರು, ಸಿಖ್ಖರು, ಆಫ್ರಿಕದ ಹಬಶಿಗಳು ದಂಡಿನಲ್ಲಿದ್ದರು. ಹೈದರಾಬಾದಿನ ಬಾರ್ಕಸ್ ಎಂಬ ಕೇರಿಯ ಹೆಸರು 'ಬ್ಯಾರಕ್ಸ್' ಎಂಬುದರ ರೂಪಾಂತರವೇ. ಅರಬ್ ಸಿಪಾಯಿಗಳ ವಂಶದ ಚಾವುಷರು ಹಳೆಯ ನಿಜಾಮ್ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಅದೇ ದಂಡಿಗೆ ಇನ್ನೊಬ್ಬ ಪರದೇಶಿಯೂ ಬಂದು ಸೇರಿದ. ಲಿವರ್‌ಪೂಲಿನಲ್ಲಿ 1808ರಲ್ಲಿ ಹುಟ್ಟಿದ ಮೆಡೋಸ್ ಟೇಲರ್ ವ್ಯಾಪಾರದ ನೌಕರಿಗೆಂದು 1824ರಲ್ಲಿ ಮುಂಬಯಿಗೆ ಬಂದ ಹುಡುಗ. ಬೇಕಾದವರೊಬ್ಬರ ಮಾತಿನಿಂದ ಅದೇ ವರ್ಷ ನಿಜಾಮನ ಸೈನ್ಯದಲ್ಲಿ ಅಧಿಕಾರಿಯಾದ. ಆ ಹದಿನಾರರ ಹುಡುಗನನ್ನು ಯಾರು ಶೋಧಿಸಿದರು? ಮುಂದೆ 1853ರವರೆಗೆ ಅವನೇ ಸುರಪುರದ ಆಡಳಿತವನ್ನು ನೋಡಿದ. ಬಾಲಕ ದೊರೆ ವೆಂಕಟಪ್ಪ ನಾಯಕ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ.

1858ರ ಫೆಬ್ರವರಿಯಲ್ಲಿ ಸುರಪುರ ಬ್ರಿಟಿಷರ ವಿರುದ್ಧ ಎದ್ದಿತು. ದೊರೆಯ ಪರವಾಗಿ ಬೇಡರ ಜೊತೆಯಲ್ಲೇ ಅರಬ್ಬರೂ ರೋಹಿಲರೂ ಹೋರಾಡಿದರು. ಈ ನೆಲದಲ್ಲಿ ಹುಟ್ಟದವರು ಈ ನೆಲದ ದೊರೆಗಾಗಿ ಕತ್ತಿ ಹಿಡಿದರು. ಇದೇ ನೆಲದ ಹೈದರಾಬಾದಿನ ದಿವಾನ ಸಾಲಾರ್ ಜಂಗ್ ಬ್ರಿಟಿಷರ ಪಕ್ಷದಲ್ಲಿ ನಿಂತ. ಇವರಲ್ಲಿ ನಿಷ್ಠನಾರು, ದ್ರೋಹಿಯಾರು? ಕುಳಿತ ಪಕ್ಷಕ್ಕೆ ತಕ್ಕಂತೆ ಉತ್ತರ ಬದಲಾಗುತ್ತದೆ. ಸೋತು ಹೈದರಾಬಾದಿಗೆ ಹೋಗಿ ಸೆರೆಸಿಕ್ಕ ವೆಂಕಟಪ್ಪ ನಾಯಕ, ತನ್ನನ್ನು ಎತ್ತಿಕಟ್ಟಿದವರ ಹೆಸರುಗಳನ್ನು ಹೇಳಿ ಪ್ರಾಣ ಉಳಿಸಿಕೊಳ್ಳಲು ಒಪ್ಪಲಿಲ್ಲವೆಂಬುದನ್ನು ಟೇಲರನೇ ಬರೆದಿಟ್ಟಿದ್ದಾನೆ. ಅಷ್ಟು ದೊಡ್ಡ ನಿಷ್ಠೆ ಯಾವ ದಫ್ತರದ ಕಾಗದದಲ್ಲಿ ಮೊದಲೇ ಕಾಣುತ್ತಿತ್ತು?

ಮುಂದೆ ನಿಜಾಮ್ ಸರಕಾರ 1919ರಲ್ಲಿ ಮುಲ್ಕಿ ನಿಯಮವನ್ನು ಗಟ್ಟಿಗೊಳಿಸಿತು. ಹೊರಗಿನವನು ಹದಿನೈದು ವರ್ಷ ಇಲ್ಲಿ ನೆಲಸಿ, ಮರಳಿ ಹೋಗುವ ಆಸೆಯನ್ನು ಬಿಟ್ಟೆನೆಂದು ಪ್ರಮಾಣ ಮಾಡಿದರೆ ಅವನೂ ಮುಲ್ಕಿಯಾಗಬಹುದಿತ್ತು. ನಿಯಮದ ಹಿಂದಿನ ರಾಜಕೀಯ ಏನೇ ಇರಲಿ, ಅದರಲ್ಲೊಂದು ಗುಣವಿತ್ತು: ಪರೀಕ್ಷೆಗೆ ಒಂದು ಕೊನೆಯಿತ್ತು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬಳಿಕ ಆ ಕೊನೆಯೂ ಅಳಿಸಿಹೋಯಿತು. ಸಾವಿರಾರು ಅರಬ್ಬರನ್ನೂ ಪಠಾಣರನ್ನೂ ಹಿಡಿದು ಶಿಬಿರಗಳಲ್ಲಿಟ್ಟರು. ಹಲವರನ್ನು ದೇಶದಿಂದಾಚೆ ಕಳುಹಿಸಿದರು. ರಜಾಕಾರರ ಜೊತೆ ಸೇರಿ ಹಿಂಸೆ ಮಾಡಿದವರು ಅವರಲ್ಲಿರಲಿಲ್ಲವೆಂದಲ್ಲ. ಅಂಥವರನ್ನು ಕಂಡವರು ನಮ್ಮ ಹಳ್ಳಿಗಳಲ್ಲಿದ್ದರು. ಆ ನೋವು ನಿಜ. ಆದರೆ ಇಲ್ಲಿಯೇ ಹುಟ್ಟಿ, ಅಜ್ಜನ ಊರನ್ನು ಕಣ್ಣಿನಿಂದಲೂ ಕಾಣದವನನ್ನು 'ನಿನ್ನ ದೇಶಕ್ಕೆ ಹೋಗು' ಎಂದರೆ, ಅವನು ಯಾವ ದೇಶಕ್ಕೆ ಹೋಗಬೇಕು?

ಸಂಶಯವೇ ಅಧರ್ಮವೆಂದು ಹೇಳುವುದು ಸುಲಭ, ಅದು ಸರಿಯಲ್ಲ. ಒಬ್ಬ ಕಾವಲುಗಾರ ಕದ ತೆರೆದರೆ ಸಾಲುಸಾಲಾಗಿ ಮಲಗಿದವರು ಸಾಯುತ್ತಾರೆ. ಅವರ ಪ್ರಾಣಕ್ಕೆ ಹೊಣೆಯಾದ ಸರಕಾರ ಕಣ್ಣುಮುಚ್ಚಿ ನಂಬುವುದು ಔದಾರ್ಯವಲ್ಲ, ಬೇಜವಾಬ್ದಾರಿ. ಆದುದರಿಂದ ಶೋಧನೆ ಇರಲಿ. ಆದರೆ ಅದಕ್ಕೆ ಮೂರು ಕಟ್ಟುಗಳಿರಬೇಕು. ಅದು ಮನುಷ್ಯನ ನಡತೆಯನ್ನು ನೋಡಬೇಕು, ಹುಟ್ಟನ್ನಲ್ಲ. ಹುಟ್ಟನ್ನೇ ಅಪರಾಧವಾಗಿ ಎಣಿಸಿದರೆ ಏನಾಗುತ್ತದೆಂಬುದನ್ನು 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ತೋರಿಸಿತು. ಆ ಕಳಂಕವನ್ನು ಕಾನೂನಿನಿಂದ ಕಿತ್ತೊಗೆಯಲು 1952 ಬರಬೇಕಾಯಿತು. ಎರಡನೆಯದಾಗಿ, ಬೇಡವೆಂದಾಗ ಕಾರಣವನ್ನು ಹೇಳಬೇಕು. ಉತ್ತರ ಕೊಡಲು ಅವಕಾಶವಿರಬೇಕು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಶೋಧನೆಗೆ ಅವಧಿಯಿರಬೇಕು. ಅವಧಿಯಿಲ್ಲದ ಪರೀಕ್ಷೆ ಶಿಕ್ಷೆಯೇ ಹೊರತು ಪರೀಕ್ಷೆಯಲ್ಲ.

ಇನ್ನೂ ಒಂದು ಅನ್ಯಾಯವಿದೆ. ಅದು ಸಂಶಯಕ್ಕಿಂತ ಸೂಕ್ಷ್ಮವಾದುದು. ರಕ್ತವನ್ನು ಮೊದಲು ಪಡೆದು ನಂಬಿಕೆಯನ್ನು ಆಮೇಲೆ ಎನ್ನುವುದು. ನಮ್ಮ ಕರ್ನಾಟಕದ ಬೈಲುಕುಪ್ಪೆಯಲ್ಲಿ, ಮುಂಡಗೋಡಿನಲ್ಲಿ ಟಿಬೆಟಿನ ನಿರಾಶ್ರಿತರು ಅರುವತ್ತರ ದಶಕದಿಂದ ಬಾಳುತ್ತಿದ್ದಾರೆ. ಭಾರತ ಸರಕಾರ 1962ರ ನವೆಂಬರಿನಲ್ಲಿ ಟಿಬೆಟನ್ನರಿಂದಲೇ ಒಂದು ವಿಶೇಷ ಗಡಿ ಪಡೆಯನ್ನು ಕಟ್ಟಿತು. 1971ರ ಯುದ್ಧದಲ್ಲಿ ಆ ಪಡೆಯವರು ಚಿತ್ತಗಾಂಗ್ ಬೆಟ್ಟಗಳಲ್ಲಿ ಹೋರಾಡಿದರು. 50ಕ್ಕೂ ಹೆಚ್ಚು ಮಂದಿ ಮಡಿದರು. ಪಡೆಯೇ ಗುಟ್ಟಿನದಾದ್ದರಿಂದ ಲೋಕದೆದುರು ಅವರ ಎದೆಗೆ ಪದಕ ಏರಲಿಲ್ಲ. ಇತ್ತ 1950 ಮತ್ತು 1987ರ ನಡುವೆ ಭಾರತದಲ್ಲೇ ಹುಟ್ಟಿದ ಟಿಬೆಟನ್ನರು ಭಾರತೀಯರೇ ಎಂಬುದನ್ನು ಕಾನೂನಿನ ಅಕ್ಷರದಿಂದ ತೋರಿಸಿಕೊಡಲು 2013ರಲ್ಲಿಯೂ ಕರ್ನಾಟಕ ಹೈಕೋರ್ಟು ತೀರ್ಪು ಕೊಡಬೇಕಾಯಿತು. 2020ರಲ್ಲಿ ಲಡಾಖಿನಲ್ಲಿ ನೆಲಬಾಂಬಿಗೆ ಬಲಿಯಾದ ಅದೇ ಪಡೆಯ ಯೋಧನೊಬ್ಬನ ಶವಪೆಟ್ಟಿಗೆಯ ಮೇಲೆ ಎರಡು ಬಾವುಟಗಳನ್ನು ಹೊದಿಸಿದ್ದರು: ಒಂದು ಭಾರತದ್ದು, ಒಂದು ಟಿಬೆಟಿನದು.

ಆ ಎರಡು ಬಾವುಟಗಳನ್ನು ಕಂಡು ಹೌಹಾರುವ ಅಗತ್ಯವಿಲ್ಲವೆಂದು ನನಗೆ ತೋರುತ್ತದೆ. ಮಗಳು ತವರನ್ನು ನೆನೆದ ಮಾತ್ರಕ್ಕೆ ಸೇರಿದ ಮನೆಗೆ ದ್ರೋಹ ಬಗೆದಂತಾಗುವುದಿಲ್ಲ. ಎರಡೂ ಮನೆಗಳನ್ನು ಹೃದಯದಲ್ಲಿಟ್ಟುಕೊಂಡೇ ನಮ್ಮ ತಾಯಂದಿರು ಸಂಸಾರ ನಡೆಸಿದ್ದಾರೆ. ಮನುಷ್ಯನ ಹೃದಯದಲ್ಲಿ ಒಂದೇ ಕೋಣೆಯಿರಬೇಕೆಂದು ಹಟ ಹಿಡಿಯುವ ರಾಜ್ಯ ನಿಷ್ಠೆಯನ್ನು ಬೇಡುತ್ತಿಲ್ಲ, ಮರೆವನ್ನು ಬೇಡುತ್ತಿದೆ. ಜೋಳವಾಳಿ ಎರಡು ಕಡೆಯ ಕಟ್ಟು. ಉಂಡವನಿಗೆ ಋಣವಿದ್ದಂತೆ, ಇಟ್ಟವನಿಗೂ ಒಂದು ಋಣವಿದೆ: ಪಂಕ್ತಿಯಲ್ಲಿ ಕೂರಿಸಿಕೊಂಡವನನ್ನು ಪ್ರತಿ ತುತ್ತಿಗೂ 'ನೀನು ಯಾರು?' ಎಂದು ಕೇಳಬಾರದು.