ಮಣ್ಣಿನ ಐಬು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ - ವಿಜಯಪುರ ಜಿಲ್ಲೆಯ ಈ ನಾಲ್ಕು ಊರುಗಳಲ್ಲಿ ಯಾವುದಕ್ಕೆ ಹೋದರೂ ಬಸ್ಸಿನಿಂದ ಇಳಿಯುವ ಮೊದಲೇ ಪ್ಲಾಟು ಮಾರಾಟದ ಬೋರ್ಡು ಕಣ್ಣಿಗೆ ಬೀಳುತ್ತದೆ. ಊರ ಹೊರಗಿನ ಎರೆಹೊಲಗಳಷ್ಟೇ ಅಲ್ಲ, ಊರೊಳಗೆ ವರ್ಷಗಟ್ಟಲೆ ಪಾಳು ಬಿದ್ದ ಜಾಗಗಳಿಗೂ ಈಗ ಬೆಲೆ ಬಂದಿದೆ. ಹಳೆಯ ಗ್ಯಾರೇಜು, ಗುಜರಿ ಅಡ್ಡೆ, ಮುಚ್ಚಿದ ಗಿರಣಿ, ಕಸ ತುಂಬಿ ಸಪಾಟು ಮಾಡಿದ ಬಾವಿ, ಯಾವುದಾದರೂ ಸರಿ. ಸುಣ್ಣದ ಗೆರೆ ಎಳೆದು ನಾಲ್ಕು ಕಲ್ಲು ನೆಟ್ಟರೆ ಅದು ಪ್ಲಾಟು.

ಕೆಲವು ವರ್ಷಗಳ ಹಿಂದೆ ನಮ್ಮ ತಂಗಿಯ ಗಂಡನ ಜೊತೆ ಇಂಥದೊಂದು ಜಾಗ ನೋಡಲು ಹೋಗಿದ್ದೆವು. ಊರ ಹೆಸರು ಬೇಡ, ಕಾರಣ ಮುಂದೆ ತಿಳಿಯುತ್ತದೆ. ಶಾಲೆ, ಮಸೀದಿ, ಬಸ್ ನಿಲ್ದಾಣ ಎಲ್ಲವೂ ಹತ್ತಿರ. ಏಜೆಂಟನು ಉತಾರ, ನಕ್ಷೆ, ಹಳೆಯ ಖರೀದಿ ಪತ್ರ ಎಲ್ಲವನ್ನೂ ಹರಡಿ ತೋರಿಸಿದ. ಮೂಲೆಯಲ್ಲಿ ಒಂದಿಷ್ಟು ನೆಲ ಮಾತ್ರ ಮಳೆಗಾಲದಲ್ಲೂ ಬೋಳಾಗಿತ್ತು. ಏಕೆಂದು ಕೇಳಿದೆವು. "ಮಣ್ಣ ನೋಡಿ ಏನ್ ಮಾಡ್ತೀರಿ ಸಾಹೇಬ್ರ, ಉತಾರ ಕ್ಲಿಯರ್ ಅದ" ಎಂದು ನಕ್ಕ. ಎದುರಿನ ಚಹಾದಂಗಡಿಯಲ್ಲಿ ಕುಳಿತಿದ್ದ ಮುದುಕರೊಬ್ಬರು ಅವನು ಹೋದ ಮೇಲೆ ಹೇಳಿದರು: "ಅಲ್ಲಿ ಹಳೀ ಬ್ಯಾಟರಿ ಒಡೀತಿದ್ರು ರೀ. ಹತ್ತ ಹದಿನೈದ ವರ್ಷ. ಆ್ಯಸಿಡ್ ಅಲ್ಲೇ ಚೆಲ್ಲತಿದ್ರು, ಸೀಸ ಅಲ್ಲೇ ಕರಗಸ್ತಿದ್ರು."

ಆ್ಯಸಿಡ್ಡನ್ನು ಮಳೆ ತೊಳೆದೀತು. ಸೀಸ ಹಾಗಲ್ಲ. ಅದು ಕೊಳೆಯುವುದಿಲ್ಲ, ಮಾಯವಾಗುವುದಿಲ್ಲ. ಜಿಗುಟಾದ ಎರೆಮಣ್ಣು ಅದನ್ನು ಮೇಲ್ಪದರದಲ್ಲೇ ತಲೆಮಾರುಗಳವರೆಗೆ ಹಿಡಿದಿಟ್ಟುಕೊಳ್ಳಬಲ್ಲದು. ಅಂಗಳದಲ್ಲಿ ಆಡುವ ಮಗು ಮಣ್ಣಿನ ಕೈ ಬಾಯಿಗೆ ಹಾಕಿಕೊಂಡರೆ ಸಾಕು. ಮಗುವಿನ ಮಿದುಳಿಗೆ ಸೀಸದಿಂದಾಗುವ ಹಾನಿ ಮರಳಿ ಸರಿಹೋಗದು. ಇಷ್ಟರವರೆಗೆ ಅಪಾಯವಿಲ್ಲ ಎಂದು ಗೆರೆ ಎಳೆಯಲು ವಿಶ್ವ ಆರೋಗ್ಯ ಸಂಸ್ಥೆಗೂ ಸಾಧ್ಯವಾಗಿಲ್ಲ.

ಉತಾರದಲ್ಲಿ ಒಡೆಯರ ಹೆಸರುಗಳಿರುತ್ತವೆ, ಮಣ್ಣಿನ ಚರಿತ್ರೆ ಇರುವುದಿಲ್ಲ. ಕಾನೂನು ಈ ಬಗ್ಗೆ ಪೂರ್ತಿ ಮೌನವಾಗಿದೆ ಎನ್ನಲಾಗದು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಪತ್ತೆ ಹಚ್ಚಲಾಗದ, ತನಗೆ ಗೊತ್ತಿರುವ ಮುಖ್ಯ ಐಬನ್ನು ಮಾರುವವನು ತಿಳಿಸಲೇಬೇಕು. ತೊಡಕಿರುವುದು 'ತನಗೆ ಗೊತ್ತಿರುವ' ಎಂಬಲ್ಲಿ. ಹಾಗಾದರೆ ತಿಳಿದುಕೊಳ್ಳದೇ ಇರುವವನೇ ಜಾಣನಲ್ಲವೆ? ಮಣ್ಣು ಪರೀಕ್ಷಿಸದವನು ನಿರಪರಾಧಿಯೆ?

ಮದೀನಾದ ಪೇಟೆಯಲ್ಲಿ ಪ್ರವಾದಿಯವರು(ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿದ ಪ್ರಸಂಗ ಅನೇಕ ಓದುಗರಿಗೆ ಗೊತ್ತಿರಬಹುದು. ಬೆರಳಿಗೆ ತೇವ ತಗುಲಿತು. ಮಳೆಗೆ ನೆನೆಯಿತು ಎಂದ ವ್ಯಾಪಾರಿ. ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೆ ಎಂದು ಅವರು ಕೇಳಿದರು. ವ್ಯಾಪಾರಿಯ ವಂಚನೆಯನ್ನು ಎತ್ತಿ ಹೇಳುವುದಕ್ಕೇ ನಾವು ಈ ಪ್ರಸಂಗವನ್ನು ಬಳಸುತ್ತೇವೆ. ಆದರೆ ರಾಶಿಯೊಳಗೆ ಹೋದ ಆ ಕೈಯ ಬಗ್ಗೆ ಯೋಚಿಸುವುದು ಕಡಿಮೆ.

ಪಾಳು ಜಾಗದ ಪರಿಸರ ಪರೀಕ್ಷೆ ಎಂದರೆ ಆ ಕೈಯೇ. ಅದರ ಮೊದಲ ಹಂತಕ್ಕೆ ಯಂತ್ರವೂ ಬೇಡ. ಹಳೆಯ ನಕ್ಷೆ, ಲೈಸೆನ್ಸು ನೋಡಬೇಕು, ಜಾಗದಲ್ಲಿ ಓಡಾಡಬೇಕು, ನೆರೆಹೊರೆಯ ಹಿರಿಯರನ್ನು ಕೇಳಬೇಕು. ಕಥೆ ಬರೆಯುವ ನಮಗೆ ಇದು ಪರಿಚಯದ ಕೆಲಸವೇ. ಅನುಮಾನ ಬಂದರೆ ಎರಡನೇ ಹಂತ: ಗುಂಡಿ ತೋಡಿ ಮಣ್ಣನ್ನೂ ಬಾವಿಯ ನೀರನ್ನೂ ಪ್ರಯೋಗಾಲಯಕ್ಕೆ ಕಳಿಸುವುದು. ನಮ್ಮಲ್ಲಿ 2006ರ ಅಧಿಸೂಚನೆಯಂತೆ 20,000 ಚದರ ಮೀಟರಿಗಿಂತ ಕಡಿಮೆ ಕಟ್ಟುವವರಿಗೆ ಪರಿಸರ ಅನುಮತಿಯೇ ಬೇಡ. ಮೂವತ್ತು ನಲವತ್ತರ ಪ್ಲಾಟಿನ ಗೊಡವೆ ಯಾರಿಗೆ? 2025ರ ಜುಲೈಯಲ್ಲಿ ಕೇಂದ್ರ ಸರಕಾರ ಕಲುಷಿತ ಸ್ಥಳಗಳ ಬಗ್ಗೆ ಹೊಸ ನಿಯಮ ತಂದು, ಅನುಮಾನವಿರುವ ಜಾಗಗಳ ಪಟ್ಟಿ ಮಾಡುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೂ ಜಿಲ್ಲಾಡಳಿತಕ್ಕೂ ವಹಿಸಿತು. ಕೆ.ಜಿ.ಎಫ್.ನಲ್ಲಿ 2001ರಲ್ಲಿ ಗಣಿ ಮುಚ್ಚಿದ ಮೇಲೂ ಸಯನೈಡ್ ಬಳಸಿದ ಮಣ್ಣಿನ ದಿಬ್ಬಗಳು ಊರಿನ ಕಣ್ಣೆದುರೇ ನಿಂತವು. ಬ್ಯಾಟರಿ ಒಡೆದ ಮೂಲೆ ಹಾಗೆ ಕಾಣುವುದಿಲ್ಲ. ಅದನ್ನು ಬಲ್ಲವರು ಬಾಯಿ ಬಿಡದಿದ್ದರೆ ಯಾವ ಪಟ್ಟಿಗೂ ಸೇರದು.

ಕಾಗದದಲ್ಲಿ ಬರೆದರೆ ಮುಗಿಯಿತೆ ಎಂದರೆ ಅದೂ ಇಲ್ಲ. ಅಮೆರಿಕದ ನಯಾಗರ ಫಾಲ್ಸ್ ಊರಿನ ಲವ್ ಕೆನಾಲ್ ಎಂಬಲ್ಲಿ ಹೂಕರ್ ಕಂಪನಿ ಸಾವಿರಾರು ಟನ್ ರಾಸಾಯನಿಕ ಹೂತು, 1953ರಲ್ಲಿ ಆ ಜಾಗವನ್ನು ಶಾಲಾ ಮಂಡಳಿಗೆ ಒಂದು ಡಾಲರಿಗೆ ಮಾರಿತು. ಒಳಗೆ ರಾಸಾಯನಿಕ ಇದೆ, ಮುಂದಿನದಕ್ಕೆ ನಾವು ಹೊಣೆಯಲ್ಲ ಎಂದು ಪತ್ರದಲ್ಲೇ ಬರೆಯಿತು. ಮೇಲೆ ಶಾಲೆ ಬಂತು, ಸುತ್ತ ಮನೆಗಳು ಬಂದವು. 1978ರಲ್ಲಿ ತುರ್ತುಸ್ಥಿತಿ ಘೋಷಿಸಿ ಕುಟುಂಬಗಳನ್ನು ಎಬ್ಬಿಸಬೇಕಾಯಿತು. ಹೇಳಿದ್ದೇನೋ ನಿಜ. ಹೇಳಿದ್ದು ಜಾರಿಕೊಳ್ಳುವುದಕ್ಕೆ.

ನಮ್ಮ ವಾದಕ್ಕೆ ಎದುರಾಗುವ ಒಂದು ಮಾತನ್ನು ತಳ್ಳಿಹಾಕಲಾರೆವು. ಗುಜರಿ ಮತ್ತು ಬ್ಯಾಟರಿ ಕೆಲಸದಲ್ಲಿ ನಮ್ಮ ಸಮುದಾಯದ ಬಡವರು ಬಹಳಷ್ಟಿದ್ದಾರೆ. ಅವರ ಮಕ್ಕಳೇ ಆ ಹೊಗೆ ಮೊದಲು ಕುಡಿದವರು. ಮಗಳ ಮದುವೆಗೆಂದು ಇರುವ ಒಂದೇ ಜಾಗ ಮಾರಹೊರಟವನಿಗೆ, ಮೊದಲು ಪರೀಕ್ಷೆ ಮಾಡಿಸು, ವಿಷವಿದ್ದರೆ ಮಾರಬೇಡ ಎಂದರೆ ಅವನು ಎಲ್ಲಿಗೆ ಹೋಗಬೇಕು? ಆದ್ದರಿಂದ ಲೇಔಟಿಗೆ ಮಂಜೂರಾತಿ ಕೊಡುವಾಗಲೇ ಪುರಸಭೆ ಪರೀಕ್ಷೆ ಕಡ್ಡಾಯ ಮಾಡಬೇಕು, ಖರ್ಚು ಲೇಔಟಿನಿಂದ ಲಾಭ ಮಾಡುವವನದಾಗಬೇಕು, ಬಡವನ ಮಣ್ಣು ತೆಗೆಸುವ ಖರ್ಚನ್ನು ಸರಕಾರ ಹೊರಬೇಕು ಎಂಬುದು ನಮ್ಮ ಅಭಿಪ್ರಾಯ. ಹೇಳುವುದು ಸುಲಭ, ಬಲ್ಲೆವು.

ತಂಗಿಯ ಗಂಡ ಆ ಪ್ಲಾಟು ಕೊಳ್ಳಲಿಲ್ಲ. "ಭಾಯಿಜಾನ್, ನಾವು ಬಚಾವಾದೆವು" ಎಂದ. ಮುಂದಿನ ವರ್ಷ ಅದೇ ದಾರಿಯಲ್ಲಿ ಹೋಗುವಾಗ ಅಲ್ಲಿ ಪಾಯ ಎದ್ದಿತ್ತು. ಕಟ್ಟಿಸುತ್ತಿದ್ದವರು ಯಾರೋ ಅಪರಿಚಿತರು, ಗೋಡೆಗೆ ನೀರು ಹೊಡೆಯುತ್ತಿದ್ದರು. ನಮ್ಮನ್ನು ನೋಡಿ ನಕ್ಕು ಸಲಾಂ ಹೇಳಿದರು. ಉತ್ತರಿಸಿ ಮುಂದೆ ನಡೆದೆವು. ಆಗಲೇ ಹಣ ಸುರಿದವರಿಗೆ ಏನೆಂದು ಹೇಳುವುದು, ಏಜೆಂಟನ ವ್ಯಾಪಾರ ನಮಗೇಕೆ, ಮುದುಕರ ಮಾತಿಗೆ ಪುರಾವೆ ಏನು - ಬಸ್ಸಿನಲ್ಲಿ ಕುಳಿತು ಇವನ್ನೆಲ್ಲ ಜೋಡಿಸಿಕೊಂಡೆವು. ಈಗ ಆ ಮನೆಯ ಮುಂದೆ ಕರಿಬೇವಿನ ಗಿಡವಿದೆ, ಮಕ್ಕಳ ಸೈಕಲ್ಲಿದೆ. ನಾವು ಇನ್ನೂ ಆ ಬಾಗಿಲು ತಟ್ಟಿಲ್ಲ.