ಜರಡಿ ಯಾರ ಕೈಯಲ್ಲಿರಬೇಕು?

ಒಂದೇ ಸರ್ವರ್‌ಗೆ ಇನ್ನೂರು ಜನರ ಮೇಲ್ ಬಂದು ಬೀಳುತ್ತೆ ಅಂದ್ಕೊಳ್ಳಿ. ತುಮಕೂರಿನ ಯಾವುದೋ ಕಾಲೇಜೋ, ಗುಬ್ಬಿಯ ಯಾವುದೋ ಸಹಕಾರ ಸಂಘವೋ. ಲಾಟರಿ ಗೆದ್ದಿದ್ದೀರಿ ಅನ್ನೋ ಮೇಲ್‌ಗಳ ಕಾಟ ತಡೆಯೋಕೆ ಅಡ್ಮಿನ್ ಎರಡು ಸಾಲಿನ ನಿಯಮ ಬರೀತಾರೆ. ಪ್ರೊಕ್‌ಮೇಲ್‌ನಲ್ಲಿ ಆ ನಿಯಮ ಇಡೋಕೆ ಎರಡು ಜಾಗ. ಒಂದು, ಪ್ರತಿಯೊಬ್ಬರ ಹೋಮ್ ಡೈರೆಕ್ಟರಿಯಲ್ಲಿರೋ ಅವರವರ ಫೈಲು. ಇನ್ನೊಂದು, ಎಲ್ಲರಿಗೂ ಅನ್ವಯಿಸೋ ಇಟಿಸಿ ಫೋಲ್ಡರಿನ ಫೈಲು. ಕೆಲಸ ಒಂದೇ. ನ್ಯಾಯ ಮಾತ್ರ ಅಜಗಜಾಂತರ.

ಮೊದಲನೆಯದರಲ್ಲಿ ನನ್ನ ಕಾಗದ ನಾನೇ ಹರಿದು ಬಿಸಾಕ್ತೀನಿ. ಎರಡನೆಯದರಲ್ಲಿ ನಿಮ್ಮ ಕಾಗದ ನಾನು ಹರೀತೀನಿ, ಅದು ಬಂದಿತ್ತು ಅಂತಾನೂ ನಿಮಗೆ ಗೊತ್ತಾಗಲ್ಲ.

ಅಡ್ಮಿನ್ ಪರವಾಗಿಯೂ ಮಾತಿದೆ. ಒಬ್ಬರು ಮೋಸದ ಲಿಂಕ್ ಒತ್ತಿದ್ರೆ ಇಡೀ ಕಚೇರಿ ಅನುಭವಿಸಬೇಕು. ಬಾಗಿಲಲ್ಲಿ ತಡೆಯೋದು ಅವರ ಕರ್ತವ್ಯವೇ. ಆದರೆ ತಡೆಯೋದು ಬೇರೆ, ಮಾಯ ಮಾಡೋದು ಬೇರೆ. ಮೇಲ್ ಸಾಗಿಸೋ ನಿಯಮಾವಳಿ, 2008ರ ಆರ್‌ಎಫ್‌ಸಿ 5321, ಇದನ್ನ ಸ್ಪಷ್ಟವಾಗೇ ಹೇಳುತ್ತೆ. ಮೇಲ್ ಪೂರ್ತಿ ತಗೊಂಡು ಸರ್ವರ್ '250' ಅಂದರೆ ಅದು ಹೊಣೆ ಹೊತ್ತ ಹಾಗೆ: ಮುಟ್ಟಿಸಬೇಕು, ಇಲ್ಲಾ ಮುಟ್ಟಲಿಲ್ಲ ಅಂತ ತಿಳಿಸಬೇಕು, ಕ್ಷುಲ್ಲಕ ಕಾರಣಕ್ಕೆ ಕಳೆಯಬಾರದು. ಬೇಡ ಅಂದ್ರೆ 250 ಅನ್ನೋ ಮುಂಚೆಯೇ ಬೇಡ ಅನ್ನಿ. ಕಳಿಸಿದವರಿಗೆ ತಿಳಿಯೋ ದಾರಿ ಇರುತ್ತೆ. 'ಆಯ್ತು, ಕೊಡ್ತೀನಿ' ಅಂತ ಇಸ್ಕೊಂಡು ಡೆವ್‌ನಲ್‌ಗೆ ಸುರಿಯೋದು, ಕಾಗದ ಕುಣಿಗಲ್ ಕೆರೆಗೆ ಹಾಕಿದ ಹಾಗೆ.

ನಿಯಮಕ್ಕೆ ದುರುದ್ದೇಶ ಇರಲ್ಲ, ತಿಳಿವಳಿಕೆಯೂ ಇರಲ್ಲ. 2014ರ ನವೆಂಬರ್ 1ಕ್ಕೆ ಊರಿನ ಇಂಗ್ಲಿಷ್ ಹೆಸರು 'ಟುಮ್ಕೂರ್' ಹೋಗಿ 'ತುಮಕೂರು' ಆಯ್ತು. ಹಳೇ ಸ್ಪೆಲ್ಲಿಂಗ್ ಹುಡುಕೋ ನಿಯಮಕ್ಕೆ ಹೊಸದು ಕಾಣಲ್ಲ. ಕನ್ನಡದಲ್ಲಿ ಬರೆದ ವಿಷಯದ ಸಾಲು ಸಾಮಾನ್ಯವಾಗಿ ಸಂಕೇತಾಕ್ಷರಗಳಾಗಿ ಸಾಗುತ್ತೆ. ಪ್ರೊಕ್‌ಮೇಲ್ ಅದನ್ನ ತಾನಾಗೇ ಬಿಡಿಸಿ ಓದಲ್ಲ. 'ಅರ್ಥವಾಗದ ಅಕ್ಷರ ಬಂದ್ರೆ ಬಿಸಾಕು' ಅಂತ ಬರೆದರೆ ಏಟು ಬೀಳೋದು ಕನ್ನಡದಲ್ಲಿ ಬರೆದವರಿಗೆ. ಕುಣಿಗಲ್ ಕಡೆಯ ಹುಡುಗಿಯೊಬ್ಬಳು ಫೀಸಿನ ಗಡುವು ಕೇಳಿ ಬರೆದಳು ಅಂತಿಟ್ಕೊಳ್ಳಿ. ಉತ್ತರ ಬರಲಿಲ್ಲ. ನನ್ನಂಥವಳಿಗೆ ಯಾಕೆ ಉತ್ತರಿಸ್ತಾರೆ ಅಂತ ಅವಳು ಸುಮ್ಮನಾಗ್ತಾಳೆ. ಗುಮಾಸ್ತರಿಗೆ ಅವಳು ಬರೆದದ್ದೇ ಗೊತ್ತಿಲ್ಲ. ಅನ್ಯಾಯ ಆಗಿದೆ, ಮಾಡಿದವರು ಯಾರೂ ಇಲ್ಲ.

ಸೀವ್ ಅನ್ನೋ ನಿಯಮ-ಭಾಷೆ ಇದೆ. ಹೆಸರೇ ಜರಡಿ. ಯಾವ ನಿಯಮವೂ ಹೊಂದದಿದ್ದರೆ, ನಿಯಮ ಓಡುವಾಗಲೇ ಕೆಟ್ಟರೂ, ಅದರಲ್ಲಿ ಮೇಲ್ ಇನ್‌ಬಾಕ್ಸಿಗೇ ಹೋಗುತ್ತೆ. ಅನುಮಾನ ಬಂದರೆ ಉಳಿಸು, ಅಷ್ಟೇ. ನಮ್ಮ ಕಡೆ ರಾಗಿಹಿಟ್ಟು ಜರಡಿ ಹಿಡಿದ ಮೇಲೆ ಉಳಿದ ತೌಡನ್ನೂ ಯಾರೂ ಚೆಲ್ಲಲ್ಲ, ದನಕ್ಕಿಡ್ತಾರೆ.

ಜಂಕ್ ಫೋಲ್ಡರ್ ಯಾರು ನೋಡ್ತಾರೆ ಅಂತೀರಾ? ನಿಜ, ಹೆಚ್ಚಿನವರು ನೋಡಲ್ಲ. ಆದರೆ 'ನನ್ನ ಕಾಗದ ಏನಾಯ್ತು' ಅಂತ ಅವಳು ಕೇಳಿದ ದಿನ ಹುಡುಕೋಕೆ ಒಂದು ಜಾಗ ಇರುತ್ತೆ.

ಬೇರೆಯವರ ಹಕ್ಕಿಗೆ ತಟ್ಟುವ ನಿಯಮವನ್ನು ಬಹಿರಂಗವಾಗಿ ಹೇಳೋಕಾಗದಿದ್ದರೆ ಅದು ಅನ್ಯಾಯ ಅಂತ ಕಾಂಟ್ 1795ರಲ್ಲೇ ವಾದಿಸಿದ. ಸ್ಪ್ಯಾಮ್ ಕಳಿಸೋರಿಗೆ ಗೊತ್ತಾಗೋ ಹಾಗೆ ಪದಪಟ್ಟಿ ಅಂಟಿಸಬೇಕಿಲ್ಲ. ಏನನ್ನ ತಡೀತೀವಿ, ಎಲ್ಲಿ ಇಟ್ಟಿರ್ತೀವಿ, ಯಾರನ್ನ ಕೇಳಬೇಕು ಅಂತ ಇನ್ನೂರು ಜನಕ್ಕೂ ಹೇಳಿದರೆ ಸಾಕು. ಬಿಸಾಕೋ ಹಕ್ಕು ವಿಳಾಸದಲ್ಲಿ ಹೆಸರಿರೋರಿಗೆ ಮಾತ್ರ.